ಅತ್ತೆಯ ಹಳದಿ ಕೋಲು, ನನ್ನ ಫೋನು

ನಮ್ಮತ್ತೆಯಷ್ಟು ಹಟಮಾರಿ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ. ಇದನ್ನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಮುಖಕ್ಕೇ ಹೇಳಿದ್ದೇನೆ. ಅವರೂ ನನ್ನ ಬಗ್ಗೆ ಇದೇ ಮಾತನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಮ್ಮಿಬ್ಬರ ನಡುವೆ ಸಿಕ್ಕಿ ನಲುಗಿದವರೆಂದರೆ ಅವರ ಮಗ, ಅಂದರೆ ನಮ್ಮನೆಯವರು. ಅವರು ಬಸ್ ಡ್ರೈವರ್.

ಮೊದಲು ಆ ರಸ್ತೆಯ ವಿಷಯ ಹೇಳಬೇಕು. ನಮ್ಮೂರಿನಿಂದ ಮೇಲಿನ ಊರಿಗೆ ಹೋಗುವ ರಸ್ತೆಯನ್ನು ಬಂಡೆಯ ಪಕ್ಕೆ ಕೊರೆದು ಮಾಡಿದ್ದಾರೆ. ಐದು ಕಿಲೋಮೀಟರ್, ಹನ್ನೊಂದು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ, ಬರೀ ಗಾಳಿ. ಅಗಲ ಒಂದೇ ಗಾಡಿಗೆ. ಕೆಳಗಿನ ಮೂರು ತಿರುವು ಪರವಾಗಿಲ್ಲ. ಅದರ ಮೇಲೆ ಎದುರಿಗೆ ಬರುವ ಗಾಡಿ ಕಣ್ಣಿಗೆ ಬೀಳುವುದು ಅದು ಮೈಮೇಲೆ ಬಂದಾಗಲೇ. ಏಳನೇ ತಿರುವಿನಲ್ಲಿ ಮಾತ್ರ ಎರಡು ಗಾಡಿ ಅಕ್ಕಪಕ್ಕ ನಿಲ್ಲುವಷ್ಟು ಜಾಗವಿದೆ. ಹಾಗಾಗಿ ಕೆಳಗೊಂದು ಗೇಟು, ಮೇಲೊಂದು ಗೇಟು. ಒಂದಷ್ಟು ಹೊತ್ತು ಹತ್ತುವವರ ಸರದಿ, ಒಂದಷ್ಟು ಹೊತ್ತು ಇಳಿಯುವವರ ಸರದಿ. ಕೆಳಗಿನ ಗೇಟು ನಮ್ಮತ್ತೆಯದು.

ನಮ್ಮ ಮಾವ ಗೇಟು ಕಾಯುತ್ತಿದ್ದರಂತೆ. ಅವರು ಜ್ವರ ಬಂದು ತೀರಿಕೊಂಡಾಗ ಅತ್ತೆಗೆ ಮೂವತ್ತಾರು. ಆ ಉದ್ದನೆಯ ಮರದ ಅಡ್ಡೆಯನ್ನು ಹೆಂಗಸು ಎತ್ತುವುದಕ್ಕಾಗುತ್ತದೆಯೇ ಎಂದು ರಸ್ತೆ ಆಫೀಸಿನವರು ಮೂಗು ಮುರಿದರು. ಅತ್ತೆ ಅಡ್ಡೆಯ ಇನ್ನೊಂದು ತುದಿಗೆ ಹಳೆಯ ರುಬ್ಬುವ ಕಲ್ಲೊಂದನ್ನು ಕಟ್ಟಿ, ಆಫೀಸಿನವರ ಕಣ್ಣೆದುರೇ ಒಂದು ಬೆರಳಿನಲ್ಲಿ ಎತ್ತಿ ತೋರಿಸಿದರು. ಅಲ್ಲಿಂದ ಇಪ್ಪತ್ತೆರಡು ವರ್ಷ ಅದೇ ಗೇಟು, ಅದೇ ಕಲ್ಲು, ಕಿಟಕಿಯಿರುವ ಅದೇ ಒಂದು ಕೋಣೆ, ಗೋಡೆಗೆ ಹೊಡೆದ ಒಂದು ಮೊಳೆ.

ಮೊಳೆ ಯಾಕೆಂದರೆ, ಕೋಲು ತೂಗುಹಾಕುವುದಕ್ಕೆ. ಇಡೀ ರಸ್ತೆಗೆ ಇದ್ದದ್ದು ಒಂದೇ ಕೋಲು. ಮೊಳಕೈ ಉದ್ದದ್ದು, ಹಳದಿ ಬಣ್ಣ ಬಳಿದದ್ದು. ಕೋಲು ಯಾವ ಗೇಟಿನಲ್ಲಿದೆಯೋ ಆ ಗೇಟಿನವರು ಮಾತ್ರ ಗಾಡಿ ಬಿಡಬಹುದು. ಸಾಲಿನ ಕಡೆಯ ಗಾಡಿಯವನ ಕೈಗೆ ಕೋಲು ಕೊಡಬೇಕು. ಅವನು ಅದನ್ನು ಆಚೆ ಗೇಟಿಗೆ ಮುಟ್ಟಿಸಿದರೆ ರಸ್ತೆ ಖಾಲಿ ಎಂದರ್ಥ. ಕೋಲು ಹಿಡಿದವನಿಗೆ ಒಂದೇ ನಿಯಮ. ಮುಂದೆ ಯಾರೇ ನಿಂತಿರಲಿ, ಕೆಟ್ಟಿರಲಿ, ಅವರನ್ನು ದಾಟಿ ಬರುವ ಹಾಗಿಲ್ಲ. ಮೇಲಿನ ಗೇಟಿನಲ್ಲಿ ಕಾಲು ಸ್ವಲ್ಪ ಕುಂಟುವ ಒಬ್ಬ ಅಣ್ಣ ಇದ್ದರು. ಅವರೂ ಅತ್ತೆಯೂ ಎದುರೆದುರು ನಿಂತು ಮಾತಾಡಿದ್ದು ಎರಡೋ ಮೂರೋ ಸಲ. ಆದರೆ ಕೋಲಿಗೆ ದಾರದಲ್ಲಿ ಚೀಟಿ ಕಟ್ಟಿ ದಿನವೂ ಸುದ್ದಿ ಕಳಿಸುತ್ತಿದ್ದರು. ‘ಒಂಬತ್ತನೇ ತಿರುವಲ್ಲಿ ಕಲ್ಲು ಉರುಳಿದೆ’, ‘ಸೂಲಗಿತ್ತಿಯನ್ನು ಬೇಗ ಬಿಡಿ’, ‘ನಿಮ್ಮ ಮಗ ಊಟದ ಡಬ್ಬಿ ಇಲ್ಲೇ ಬಿಟ್ಟಿದ್ದಾನೆ’. ಆಗ ಮೇಲಿನ ಊರಿನ ಸುದ್ದಿಯೆಲ್ಲ ಕೆಳಗೆ ಬರುತ್ತಿದ್ದುದು ಚಕ್ರದ ಮೇಲೇ.

ಇಂಥ ಮನೆಗೆ ಸೊಸೆಯಾಗಿ ಬಂದವಳು ನಾನು. ನಾನು ಸುಮ್ಮನೆ ಕೂರುವವಳಲ್ಲ. ಊರಿನ ಬದಿಗೆ ಟವರ್ ಎದ್ದ ವರ್ಷವೇ ಗೇಟಿನಿಂದ ಐವತ್ತು ಹೆಜ್ಜೆ ದೂರದಲ್ಲಿ ತಗಡಿನ ಅಂಗಡಿ ಹಾಕಿ ಸಿಮ್ಮು, ರೀಚಾರ್ಜು ಶುರು ಮಾಡಿದೆ. ಅತ್ತೆಗೆ ಮೈಯೆಲ್ಲ ಉರಿ.

“ಎಲ್ರೂ ಕೂತಲ್ಲೇ ಮಾತಾಡ್ಕೊಂಡ್ರೆ ಬಸ್ ಹತ್ತೋರು ಯಾರೇ? ನಿನ್ನ ಗಂಡನ ಕೆಲಸಕ್ಕೆ ನೀನೇ ಕಲ್ಲು ಹಾಕ್ತಿದೀಯ!” ಎಂದರು.

ಬಸ್ ಮಾಲೀಕರೂ ಅದೇ ರಾಗ ಹಾಡಿದರು. ದಿನಕ್ಕೆರಡು ಟ್ರಿಪ್ಪನ್ನು ಒಂದು ಮಾಡುವ ಮಾತೂ ಬಂತು. ಆದರೆ ಆದದ್ದೇನು ಗೊತ್ತೇ? ಫೋನು ಬಂದ ಎರಡೇ ವರ್ಷಕ್ಕೆ ಟ್ರಿಪ್ಪು ನಾಲ್ಕಾಯಿತು! ಮೊದಲಾದರೆ ಮೇಲಿನ ಊರಿನ ಸೊಪ್ಪಿನಜ್ಜಿ ಸಂತೆಯಲ್ಲಿ ಯಾರು ಕೊಳ್ಳುತ್ತಾರೋ ಇಲ್ಲವೋ ಎಂದು ಹೆದರಿ ತಿಂಗಳಿಗೊಮ್ಮೆ ಇಳಿಯುತ್ತಿದ್ದಳು. ಈಗ ಬೆಳಿಗ್ಗೆಯೇ ಫೋನು ಮಾಡಿ ಕೇಳಿಕೊಂಡು ವಾರಕ್ಕೆ ಮೂರು ಸಲ ಇಳಿಯತೊಡಗಿದಳು. ಫೋನಿನಲ್ಲಿ ಹುಡುಗಿಯ ದನಿ ಕೇಳಿದವರು ಹುಡುಗಿಯನ್ನು ನೋಡಲು ಬಂದರು. ಡಾಕ್ಟರು ಇದ್ದಾರೆ ಎಂದು ಖಾತ್ರಿಯಾದ ಮೇಲೆ ರೋಗಿಗಳು ಬಂದರು. ಅತ್ತೆ ಕೋಣೆಯ ಗೋಡೆಯ ಮೇಲೆ ಗಾಡಿಗೊಂದು ಇದ್ದಿಲಿನ ಗೆರೆ ಎಳೆಯುತ್ತಿದ್ದರು. ದಿನಕ್ಕೆ ಮೂವತ್ತು ಗೆರೆ ಇದ್ದದ್ದು ನೂರು ದಾಟಿತು. ಗೋಡೆ ಸಾಲದೆ ಹೋಯಿತು.

“ಯಾರತ್ತೆ ಬಸ್ ಹತ್ತೋರು ಅಂದಿದ್ದು?” ಎಂದು ನಾನು ಕಾಲೆಳೆದರೆ, “ಬಾಯಿ ಮುಚ್ಕೊಂಡು ಟೀ ಕುಡಿ” ಎನ್ನುತ್ತಿದ್ದರು.

ಗಾಡಿ ಹೆಚ್ಚಿತು, ಗೇಟಿನ ಮುಂದಿನ ಸಾಲೂ ಬೆಳೆಯಿತು. ಆಗ ಕೋಲು ಎಲ್ಲರ ಕಣ್ಣಿಗೂ ಕಸವಾಯಿತು. ಒಂದು ಸಲವಂತೂ ಕೋಲು ಹಿಡಿದು ಇಳಿದ ಜೀಪಿನವನು ಅದನ್ನು ಸೀಟಿನ ಕೆಳಗೆ ಮರೆತು ಪಕ್ಕದ ಊರಿಗೇ ಹೊರಟುಹೋದ. ರಸ್ತೆ ಖಾಲಿ ಬಿದ್ದಿದೆ, ಎರಡೂ ಕಡೆ ಮೂವತ್ತು ಮೂವತ್ತು ಗಾಡಿ ನಿಂತಿವೆ, ಕೋಲಿಲ್ಲದೆ ಅತ್ತೆ ಅಡ್ಡೆ ಎತ್ತಲೊಲ್ಲರು! ಕೊನೆಗೆ ನಾನೇ ಆ ಜೀಪಿನವನಿಗೆ ಫೋನು ಮಾಡಿ ಬೈದು ವಾಪಸು ಕರೆಸಿದೆ. ಅಂದೇ ನನ್ನ ತಲೆಗೆ ಹೊಳೆದದ್ದು. ಕೋಲು ಹುಡುಕುವುದಕ್ಕೂ ಫೋನೇ ಬೇಕಾದರೆ ಕೋಲೇ ಯಾಕೆ? ರಸ್ತೆ ಆಫೀಸಿನ ಸಾಹೇಬರು ರೀಚಾರ್ಜಿಗೆ ಬಂದಾಗ ಈ ಮಾತನ್ನು ಅವರ ಕಿವಿಗೆ ಹಾಕಿದೆ. ಅವರು ಕುಣಿದುಬಿಟ್ಟರು. ಒಂದು ದಿನ ಕೋಲಿಲ್ಲದೆ, ಬರೀ ಫೋನಿನಲ್ಲಿ ನಡೆಸಿ ನೋಡೋಣ, ಸರಿಹೋದರೆ ಹಾಗೆಯೇ ಮುಂದುವರಿಸೋಣ ಎಂದರು.

ಆ ದಿನ ಬಂತು. ಸಂತೆಯ ದಿನ. ಅತ್ತೆ ಫೋನು ಮುಟ್ಟಲಿಲ್ಲ. “ನೀನೇ ತಂದಿದ್ದು, ನೀನೇ ಹಿಡ್ಕೊ” ಎಂದು ಮುಖ ತಿರುಗಿಸಿದರು. ಕೋಲು ಮೊಳೆಯಲ್ಲಿ ತೂಗುತ್ತಿತ್ತು. ನಾನು ಅಂಗಡಿಯನ್ನು ಅರ್ಧ ತೆರೆದಿಟ್ಟು, ಎರಡು ಫೋನು ಹಿಡಿದು ಗೇಟಿನ ಬಳಿ ನಿಂತೆ. ಹೊಸ ಸೀರೆ ಬೇರೆ ಉಟ್ಟಿದ್ದೆ. ಗೆದ್ದೇ ಬಿಟ್ಟೆ ಎಂಬ ಹಮ್ಮು ನನಗೆ, ಸುಳ್ಳು ಹೇಳುವುದಿಲ್ಲ.

ಎರಡು ಸರದಿ ಬೆಣ್ಣೆಯ ಹಾಗೆ ನಡೆದವು. ಮೂರನೆಯ ಸಲ ಮೇಲಿನ ಗೇಟಿನ ಅಣ್ಣ ಫೋನು ಮಾಡಿ, “ಕಡೇದು ಬಿಳಿ ವ್ಯಾನಮ್ಮ. ಅದರ ಹಿಂದೆ ಯಾರೂ ಇಲ್ಲ” ಎಂದರು. ಸ್ವಲ್ಪ ಹೊತ್ತಿಗೆ ಗಾಡಿಗಳು ಒಂದೊಂದಾಗಿ ಇಳಿದವು. ಬಿಳಿ ವ್ಯಾನೂ ಬಂತು.

“ಬಿಡಿ ಅತ್ತೆ, ಖಾಲಿ” ಎಂದೆ.

ಅತ್ತೆ ಅಭ್ಯಾಸಬಲದಿಂದ ವ್ಯಾನಿನ ಕಿಟಕಿಗೆ ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡರು. “ಖಾಲಿ ಅಂತ ಯಾರು ಹೇಳಿದ್ದು?”

“ಮೇಲಿನ ಅಣ್ಣನೇ ಹೇಳಿದಾರೆ. ನನ್ನ ಮಾತು ನಂಬಿ.”

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಅಡ್ಡೆ ಎತ್ತಿದರು. ಮೊದಲು ನಿಂತಿದ್ದ ಲಾರಿ, ಬಾಯಿತನಕ ಜಲ್ಲಿ ತುಂಬಿದ್ದು, ಗುರುಗುಟ್ಟುತ್ತ ಮೊದಲ ಗೇರಿನಲ್ಲಿ ಹತ್ತತೊಡಗಿತು. ಅದರ ಹಿಂದಿನ ಜೀಪಿನ ಟೈರು ಅಲ್ಲೇ ಪಂಕ್ಚರಾಗಿ ಸಾಲು ನಿಂತುಬಿಟ್ಟಿತು. ಆ ಪಂಕ್ಚರಿಗೆ ನಾನು ಈಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಬಿಳಿ ವ್ಯಾನಿನವನು ನನ್ನ ಅಂಗಡಿಯ ಮುಂದೆ ನಿಲ್ಲಿಸಿ, “ಅಕ್ಕ, ಒಂದು ರೀಚಾರ್ಜ್ ಹಾಕಿ” ಎಂದ. ನಂಬರು ಒತ್ತುತ್ತಿದ್ದೆ. ಅವನು ಸುಮ್ಮನಿರಲಾರದೆ, “ನಿಮ್ಮೆಜಮಾನ್ರಿಗೆ ಇವತ್ತು ಒಳ್ಳೇ ಜನ. ಏಳನೇ ತಿರುವಲ್ಲಿ ನಿಲ್ಸಿದ್ರು, ಎಲ್ಲಾ ಇಳಿದು ಫೋನಲ್ಲೇ ಮುಳುಗಿದ್ರು. ನಾನು ಪಕ್ಕದಿಂದ ದಾಟ್ಕೊಂಡು ಬಂದೆ” ಎಂದ.

ನನ್ನ ಬೆರಳು ಅಲ್ಲೇ ನಿಂತಿತು.

ಬಸ್ಸಿನ ಸಮಯ ಹನ್ನೊಂದೂವರೆ. ಆಗಿನ್ನೂ ಹತ್ತೂಮುಕ್ಕಾಲು. ಅಂದು ಸಂತೆಗೆ ಹೊರಟವರೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿಕೊಂಡು ಬೇಗ ಬಂದಿದ್ದರಿಂದ ಬಸ್ಸು ಆಗಲೇ ತುಂಬಿ, ಮುಂಚಿನ ಸರದಿಯಲ್ಲೇ ಹೊರಟಿತ್ತು. ಮೇಲಿನ ಅಣ್ಣ ಕಡೆಯ ಗಾಡಿ ಯಾವುದೆಂದು ಹೇಳಿದರೇ ಹೊರತು ಅದರ ಮುಂದೆ ಏನೇನಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇನ್ನು ಆ ಏಳನೇ ತಿರುವು! ಟವರ್ ಬಂದ ಮೇಲೆ ಹಿಡಿದ ಹೊಸ ಚಾಳಿ ಅದು. ನಡುದಾರಿಯಲ್ಲಿ ಬಂಡೆ ಅಡ್ಡ ಬರುವುದರಿಂದ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಇಳಿಯುವವರೆಲ್ಲ ಅಲ್ಲಿ ಬಸ್ ನಿಲ್ಲಿಸಿ, ಸಂತೆಯವರಿಗೆ, ಆಟೋದವರಿಗೆ, ನೆಂಟರಿಗೆ ‘ಬರ್ತಿದೀವಿ’ ಎಂದು ಹೇಳುತ್ತಿದ್ದರು. ಕೋಲು ಹಿಡಿದಿದ್ದರೆ ವ್ಯಾನಿನವನು ಬಸ್ಸನ್ನು ದಾಟುತ್ತಲೇ ಇರಲಿಲ್ಲ, ಹಿಂದೆ ನಿಂತು ಹಾರ್ನ್ ಹೊಡೆದು ಎಬ್ಬಿಸುತ್ತಿದ್ದ. ಕೋಲಿಲ್ಲ, ಅವನಿಗೇನು? ಬಂದುಬಿಟ್ಟ.

“ಅತ್ತೇ! ಬಸ್ಸು ಮೇಲಿದೆ! ನಮ್ಮ ಬಸ್ಸು!” ಎಂದು ಕಿರುಚಿದೆ.

ಅತ್ತೆ ಒಂದು ಮಾತೂ ಕೇಳಲಿಲ್ಲ. ಯಾಕೆ, ಹೇಗೆ, ಯಾರ ತಪ್ಪು, ಏನೂ ಇಲ್ಲ. ಅಡ್ಡೆ ಇಳಿಸಿದರು, ಮೊಳೆಯಿಂದ ಕೋಲು ಕಿತ್ತುಕೊಂಡರು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಗೇಟಿನ ಹಿಂದಿನಿಂದ ಹಳೆಯ ಕಾಲುದಾರಿಯೊಂದು, ಬಂಡೆಯಲ್ಲಿ ಕಡಿದ ಮೆಟ್ಟಿಲು, ನೇರ ಮೂರನೇ ತಿರುವಿಗೆ ಹತ್ತುತ್ತದೆ. ಐವತ್ತೆಂಟು ವರ್ಷದ ಹೆಂಗಸು, ಮಂಡಿನೋವೆಂದು ನನ್ನ ಕೈಯಲ್ಲಿ ದಿನಾ ಎಣ್ಣೆ ತಿಕ್ಕಿಸಿಕೊಳ್ಳುವವರು, ಆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು! ಒಂದು ಸಲ ಹಿಂತಿರುಗಿ ಕೂಗಿದರು. “ನಾನು ಲಾರಿ ನೋಡ್ಕೋತೀನಿ, ನೀನು ಬಸ್ ನೋಡ್ಕೊ!”

ನಾನು ನಮ್ಮನೆಯವರಿಗೆ ಫೋನು ಹಚ್ಚಿದೆ. ರಿಂಗಾಯಿತು, ಆಯಿತು, ಆಗುತ್ತಲೇ ಇತ್ತು. ಎತ್ತುವುದಿಲ್ಲ ಎಂದು ನನಗೆ ಗೊತ್ತು. ಸ್ಟಿಯರಿಂಗ್ ಹಿಡಿದ ದಿನ ಫೋನು ಮುಟ್ಟಕೂಡದು, ಡಬ್ಬಿಯೊಳಗೆ ಇಟ್ಟುಬಿಡಿ ಎಂದು ಆಣೆ ಹಾಕಿಸಿಕೊಂಡವಳು ನಾನೇ. ನನ್ನ ಮಾತನ್ನು ಈ ಮನುಷ್ಯ ಜೀವನದಲ್ಲಿ ಪಾಲಿಸಿದ್ದು ಅದೊಂದೇ!

ಸೊಪ್ಪಿನಜ್ಜಿಗೆ ಮಾಡಿದೆ. ಎಂಗೇಜ್. ಕೋಳಿ ಮಾರುವವನಿಗೆ ಮಾಡಿದೆ. ಎಂಗೇಜ್. ಮೇಷ್ಟ್ರಿಗೆ, ಎಂಗೇಜ್. ಮೇಲಿನ ಊರಿನ ನಂಬರುಗಳೆಲ್ಲ ನನಗೆ ಬಾಯಿಪಾಠ, ದಿನಾ ರೀಚಾರ್ಜು ಹಾಕುವುದು ನಾನೇ ತಾನೆ. ಆದರೆ ಏನು ಪ್ರಯೋಜನ? ಬಸ್ಸು ನಿಂತಿರುವುದೇ ಎಲ್ಲರೂ ಮಾತಾಡಲಿ ಎಂದು. ನಲವತ್ತು ಜನ, ನಲವತ್ತು ಫೋನು, ಒಂದೂ ಬಿಡುವಿಲ್ಲ. ಆ ‘ಕೂಂ ಕೂಂ’ ಸದ್ದು ಕೇಳಿ ಫೋನನ್ನು ನೆಲಕ್ಕೆ ಬಡಿಯೋಣ ಎನ್ನಿಸಿತು. ಮೇಲೆಲ್ಲೋ ಲಾರಿಯ ಗುರುಗುಡು ದೂರವಾಗುತ್ತಿತ್ತು.

ಆಗ ನೆನಪಾಯಿತು. ಮಾತಾಡಲಾಗದವರು ಒಬ್ಬರಿರಲೇಬೇಕು. ಬ್ಯಾಲೆನ್ಸ್ ಇಲ್ಲದವರು!

ಮೇಲಿನ ಊರಿನ ಹೊಲಿಗೆಯವಳು. ನಿನ್ನೆ ಬೇರೆಯವರ ಫೋನಿನಿಂದ, “ಅಕ್ಕ, ಬ್ಯಾಲೆನ್ಸ್ ಖಾಲಿ, ನಾಳೆ ಸಂತೆಗೆ ಬಂದಾಗ ಹಾಕಿಸ್ಕೋತೀನಿ” ಎಂದಿದ್ದಳು. ಮಾತಾಡಿದರೆ ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು ಮೆದು ಹೆಂಗಸು. ನಂಬರು ಒತ್ತಿದೆ. ಮೊದಲ ರಿಂಗಿಗೇ ಎತ್ತಿದಳು!

“ಅಕ್ಕಾ, ಹಾಕಿದ್ರಾ?”

“ಬಸ್ಸೆಲ್ಲಿದೆ? ಬಸ್ಸು!”

“ಏಳರಲ್ಲೇ. ಈಗ ಹಾರ್ನ್ ಹೊಡೆದ್ರು. ಎಲ್ರೂ ಹತ್ತಿದ್ರು, ನಾನು ಬಾಗಿಲಲ್ಲಿದೀನಿ...”

“ಹೊರಡೋಕೆ ಬಿಡ್ಬೇಡ! ಎದುರಿಗೆ ಲಾರಿ ಬರ್ತಿದೆ! ಅವರಿಗೆ ಹೇಳು, ಕೇಳದಿದ್ರೆ ಕೀ ಕಿತ್ಕೊ!”

“ಆ? ಏನು ಕಿತ್ಕೊಳ್ಳಿ?”

“ಕೀ! ಬಸ್ಸಿನ ಕೀ!”

ಎಂಜಿನ್ನಿನ ಸದ್ದು, ಯಾರೋ ಕಿರುಚಿದ್ದು, ಏನೋ ದಡ್ಡೆಂದು ಬಿದ್ದದ್ದು ಕೇಳಿಸಿತು. ಅಲ್ಲಿಗೆ ಲೈನ್ ಕಟ್ಟಾಯಿತು. ಮತ್ತೆ ಮಾಡಿದೆ, ‘ವ್ಯಾಪ್ತಿ ಪ್ರದೇಶದಲ್ಲಿಲ್ಲ’. ಬಂಡೆಯ ಹಿಂದೆ ಹೋಯಿತೇ? ಬಸ್ಸು ಹೊರಟೇ ಬಿಟ್ಟಿತೇ? ನಾನು ಫೋನು ಹಿಡಿದುಕೊಂಡು ಗೇಟಿನಿಂದ ಅಂಗಡಿಗೆ, ಅಂಗಡಿಯಿಂದ ಗೇಟಿಗೆ ಹುಚ್ಚಿಯ ಹಾಗೆ ಓಡಾಡಿದೆ. ಹೊಸ ಸೀರೆಯ ಸೆರಗು ಅಡ್ಡೆಗೆ ಸಿಕ್ಕಿ ಹರಿಯಿತು. ಅತ್ತೆಗೆ ನಂಬಿ ಎಂದು ಹೇಳಿದ್ದೆನಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೋಲಿಲ್ಲದೆ ಅಡ್ಡೆ ಎತ್ತಿಸಿದ್ದೆ, ಅದೂ ಅವರ ಮಗನ ಬಸ್ಸು ಮೇಲಿರುವಾಗ.

ಮೊದಲು ಕಂಡದ್ದು ಲಾರಿಯ ಹಿಂಭಾಗ. ಹಿಂದೆ ಹಿಂದೆ ಬರುತ್ತಿತ್ತು! ಅದರ ಹಿಂದೆ, ರಸ್ತೆಯ ನಡುವೆ, ತಲೆಗೂದಲು ಕೆದರಿ, ಕೋಲನ್ನು ಎತ್ತಿ ಹಿಡಿದು ನಮ್ಮತ್ತೆ. “ಬರ್ಲಿ, ಬರ್ಲಿ! ಎಡಕ್ಕೆ ಹೊಡಿ! ಎಡ ಅಂದ್ರೆ ಎಡ ಕಣೋ, ಗಾಳಿ ಇರೋ ಕಡೆ ಅಲ್ಲ!” ಲಾರಿಯವನು ಬೆವರಿನಲ್ಲಿ ಮಿಂದಿದ್ದ. ಇಳಿದವನೇ, “ಮೂರನೇ ತಿರುವಲ್ಲಿ ರಸ್ತೆಗೆ ಅಡ್ಡ ಮಲಗಿಬಿಟ್ಟಿದ್ರು ಇವರು! ನನ್ನ ಜೀವ ಬಾಯಿಗೆ ಬಂತು” ಎಂದ.

“ಬಸ್ಸು?” ಎಂದರು ಅತ್ತೆ. ಏದುಸಿರಿನಲ್ಲಿ ಅದೊಂದೇ ಮಾತು ಹೊರಟದ್ದು.

“ಹೇಳಿದೆ ಅತ್ತೆ. ಆಮೇಲೆ ಕಟ್ಟಾಯ್ತು. ಏನಾಯ್ತೋ ಗೊತ್ತಿಲ್ಲ.”

ಇಬ್ಬರೂ ರಸ್ತೆ ನೋಡುತ್ತ ನಿಂತೆವು. ನನ್ನ ಕೈಯಲ್ಲಿ ಫೋನು, ಅವರ ಕೈಯಲ್ಲಿ ಕೋಲು. ಎರಡಕ್ಕೂ ಆಗ ಬೆಲೆಯಿರಲಿಲ್ಲ.

ಫೋನು ಬಡಿದುಕೊಂಡಿತು! ಸೊಪ್ಪಿನಜ್ಜಿಯ ನಂಬರು. ಎತ್ತಿದರೆ ಇವರ ದನಿ, ಸಿಟ್ಟಿನಲ್ಲಿ ಒದರುತ್ತಿದ್ದರು. “ಏನೇ ಇದು ನಿಂದು? ಹೊಲಿಗೆಯವಳು ಬಂದು ಕೀ ಕಿತ್ಕೊಂಡು ಇಳಿದು ಓಡಿದಾಳೆ! ಬಂಡೆ ಸಂದೀಲಿ ಕೂತು, ನೀನು ಹೇಳದೆ ಕೊಡಲ್ಲ ಅಂತಾಳೆ! ತನ್ನ ಫೋನೂ ಬೀಳಿಸಿ ಒಡ್ಕೊಂಡಿದಾಳೆ!”

ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಜೀವಮಾನದಲ್ಲಿ ಮೊದಲ ಸಲ ಅವರು ಫೋನು ಹಿಡಿದರು. ಏಳನೇ ತಿರುವಿಗೆ ಬಾಯಲ್ಲೇ ಕೇಳಿಸಬೇಕೆಂಬ ಹಾಗೆ ಕೂಗಿದರು.

“ಮಗಾ! ನಿನ್ನ ಹಿಂದೆ ಯಾರಾದ್ರೂ ಇದಾರಾ?”

“ಇಲ್ಲಮ್ಮ.”

“ಇಳಿದು ನೋಡು.”

“ಅಮ್ಮ, ಇಲ್ಲ ಅಂದ್ನಲ್ಲ...”

“ಇಳಿದು ನೋಡಿ ಹೇಳೋ!”

ಇಳಿದು, ಎಂಟನೇ ತಿರುವಿನತನಕ ನಡೆದು ನೋಡಿ ಬಂದು, ಯಾರೂ ಇಲ್ಲ ಎಂದು ಹೇಳಿದ ಮೇಲೆಯೇ, “ಸರಿ, ನಿಧಾನಕ್ಕೆ ಬಾ” ಎಂದರು. ನಾನೂ ಫೋನಿಗೆ ಬಾಯಿ ಹಚ್ಚಿ, ಇನ್ನು ಕೀ ಕೊಟ್ಟುಬಿಡು ಎಂದು ಹೊಲಿಗೆಯವಳಿಗೆ ಕೂಗಿ ಹೇಳಿದೆ.

ಬಸ್ಸು ಬಂತು. ಅತ್ತೆಯ ಕಣ್ಣು ಬಸ್ಸಿನ ಹಿಂದಿನ ರಸ್ತೆಯ ಮೇಲಿತ್ತು. ಅವರ ಬಲಗೈ ತಾನೇ ತಾನಾಗಿ ಡ್ರೈವರ್ ಕಿಟಕಿಗೆ ಚಾಚಿತು, ಕೋಲಿಗೆ. ಕೋಲು ಎಡಗೈಯಲ್ಲೇ ಇದೆ ಎಂಬುದೂ ಅವರಿಗೆ ನೆನಪಿರಲಿಲ್ಲ. ಇವರು ಆ ಚಾಚಿದ ಕೈಯನ್ನು ನೋಡಿದರು. ಕೊಡಲು ಏನೂ ಇರಲಿಲ್ಲ. ಕಿಟಕಿಯಿಂದ ತಮ್ಮ ಕೈಯನ್ನೇ ಹೊರಚಾಚಿ ಅದರಲ್ಲಿಟ್ಟರು. ಅತ್ತೆ ಆ ಕೈ ಹಿಡಿದು, ಹಣೆಗೊತ್ತಿಕೊಂಡು, ನಲವತ್ತು ಜನರ ಮುಂದೆ ಗೊಳೋ ಎಂದು ಅತ್ತರು.

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. “ಏಳು, ಏಳು. ಮೊದಲು ಆ ಹೊಲಿಗೆಯವಳಿಗೆ ಹೊಸ ಫೋನು ಕೊಡು, ರೀಚಾರ್ಜೂ ಹಾಕು” ಎಂದು ಗದರಿದರು.

ಮಾರನೆಯ ದಿನ ಸಾಹೇಬರ ಮುಂದೆ ನನ್ನನ್ನೇ ಮಾತಾಡಲು ಬಿಟ್ಟರು. ಕೋಲೂ ಇರಲಿ, ಫೋನೂ ಇರಲಿ ಎಂದೆ. ಮೇಲಿನಿಂದ ಎಷ್ಟು ಗಾಡಿ, ಯಾವ ಗಾಡಿ, ಕೋಲು ಯಾರ ಕೈಯಲ್ಲಿ ಎಂದು ಫೋನು ಬರಲಿ, ಕೋಲು ಕೈಗೆ ಬಂದ ಮೇಲೆಯೇ ಅಡ್ಡೆ ಏಳಲಿ. ದಾರಿಯಲ್ಲಿ ಕೆಟ್ಟರೆ ಏಳನೇ ತಿರುವಿನಿಂದ ಸುದ್ದಿ ಬರಲಿ, ಎರಡು ಗಂಟೆ ಸುಮ್ಮನೆ ಕಾಯುವುದು ತಪ್ಪಲಿ. ಹಾಗೆಯೇ ಆಯಿತು. ಈಗ ದಿನಕ್ಕೆ ನೂರೈವತ್ತು ಗಾಡಿ, ಗೋಡೆಗೆ ಎರಡು ಸಲ ಸುಣ್ಣ ಬಳಿದಾಯಿತು.

ಅತ್ತೆ ಈಗ ಸ್ವಂತ ಫೋನು ಇಟ್ಟುಕೊಂಡಿದ್ದಾರೆ. ಐವತ್ತು ಹೆಜ್ಜೆ ದೂರದ ನನ್ನ ಅಂಗಡಿಗೆ ಗಂಟೆಗೊಮ್ಮೆ ಫೋನು ಮಾಡಿ, “ಟೀ ಕುಡಿದ್ಯಾ?” ಎಂದು ಕೂಗುತ್ತಾರೆ. ಕುಡಿದೆ ಎಂದರೆ ನಂಬಿಕೆಯಿಲ್ಲ, ಎದ್ದು ನೋಡಲು ಬರುತ್ತಾರೆ. ಫೋನು ಬಂದರೆ ಓಡಾಟ ನಿಲ್ಲುತ್ತದೆ ಎಂದವರು ಇವರೇ!

ಮೇಲಿನ ಅಣ್ಣ ಫೋನಿನಲ್ಲಿ, “ಕೋಲು ನಿಮ್ಮ ಮಗನ ಬಸ್ಸಲ್ಲಿದೆ” ಎಂದ ದಿನ ನಾನೂ ಅಂಗಡಿ ಬಿಟ್ಟು ಗೇಟಿಗೆ ಹೋಗುತ್ತೇನೆ. ಬಸ್ಸು ಬರುತ್ತದೆ, ಅತ್ತೆ ಕೈ ಚಾಚುತ್ತಾರೆ, ಇವರು ಕೋಲು ಕೊಡುತ್ತಾರೆ. ಅತ್ತೆ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಚಾಚಿದ ಕೈಯನ್ನು ಹಾಗೆಯೇ ಹಿಡಿದಿರುತ್ತಾರೆ. ಹತ್ತಲು ಕಾದು ನಿಂತ ಗಾಡಿಯವರು ಎಷ್ಟು ಹಾರ್ನ್ ಹೊಡೆದರೂ, ಮಗ ಕೈ ಕೊಟ್ಟ ಮೇಲೆಯೇ ಅವರು ಅಡ್ಡೆ ಎತ್ತುವುದು.